ಮೀನಿನ ಮೈಗಾಯ ಮತ್ತು ನೀರಿನ ಉಪ್ಪು

ಮೀನಿನ ಮೈಮೇಲೆ ಗಾಯ ಕಂಡ ಕೂಡಲೇ ಎಲ್ಲರೂ ಕೇಳುವುದು ಒಂದೇ: ಯಾವ ಔಷಧ ಹಾಕಬೇಕು? ರಾಯಚೂರು ನಗರದಲ್ಲಿ ಗಾಜಿನ ತೊಟ್ಟಿಯೊಳಗೆ ಕಡಲ ಮೀನು ಸಾಕಿದವರ ಪ್ರಶ್ನೆಯೂ ಅದೇ, ಮಾನ್ವಿಯ ಕಾಲುವೆ ಬಯಲಲ್ಲಿ ಕೊಳ ತೋಡಿ ರೋಹು, ಕಾಟ್ಲಾ ಬಿಟ್ಟವರದೂ ಅದೇ, ದೇವದುರ್ಗದ ಕೃಷಿ ಹೊಂಡದಲ್ಲಿ ನಾಲ್ಕು ಮೀನು ಬೆಳೆಯುವವರದೂ ಅದೇ. ಔಷಧದ ಮಾತು ಬರಬೇಕಾದದ್ದು ಎರಡನೆಯದಾಗಿ. ಗಾಯವಾದ ಮೀನನ್ನು ಮೊದಲು ಕೊಲ್ಲುವುದು ರೋಗಾಣುವೇ ಆಗಬೇಕೆಂದಿಲ್ಲ. ಬಹಳ ಸಲ ಅದು ಈಜುತ್ತಿರುವ ನೀರೇ ಅದನ್ನು ಕೊಲ್ಲುತ್ತದೆ. ಈ ಒಂದು ವಿಷಯ ಮನಸ್ಸಿಗೆ ಇಳಿದರೆ ಅಂಗಡಿಯಲ್ಲಿ ಕೊಡುವ ನೀಲಿ, ಹಸಿರು ಬಾಟಲಿಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂಬುದು ತಾನೇ ತಿಳಿಯುತ್ತ ಹೋಗುತ್ತದೆ.

ನಮ್ಮ ಚರ್ಮದ ಹೊರಪದರ ಸತ್ತ ಜೀವಕೋಶಗಳದ್ದು. ಒಣಗಿ ಗಟ್ಟಿಯಾದ ಆ ಪದರ ಒಳಗಿನ ತೇವವನ್ನು ಕಾಯುತ್ತದೆ. ಮೀನಿಗೆ ಆ ರಕ್ಷೆ ಇಲ್ಲ. ಅದರ ಮೈಯ ತೀರ ಹೊರಗಿನ ಕೋಶವೂ ಜೀವಂತ. ನಾವು ಕವಚವೆಂದುಕೊಳ್ಳುವ ಹುರುಪೆ ಹುಟ್ಟುವುದು ಒಳಚರ್ಮದಲ್ಲಿ, ಅದರ ಮೇಲೆಯೂ ತೆಳುವಾದ ಜೀವಂತ ಚರ್ಮ ಹೊದ್ದಿರುತ್ತದೆ. ಹಾಗಾಗಿ ಬಲೆಗೆ ಸಿಕ್ಕು ಒಂದು ಹುರುಪೆ ಕಿತ್ತುಬಂದರೂ ಅಲ್ಲೊಂದು ತೆರೆದ ಗಾಯವಾಯಿತು ಎಂದೇ ಅರ್ಥ. ಮೇಲಿನ ಲೋಳೆಯನ್ನೂ ಜನ ಹಗುರವಾಗಿ ನೋಡುತ್ತಾರೆ. ಕೈ ಜಾರುತ್ತದೆಂದು ಬಟ್ಟೆಯಲ್ಲಿ ಒರೆಸಿ ಹಿಡಿಯುವವರೂ ಇದ್ದಾರೆ. ಆದರೆ ಬ್ಯಾಕ್ಟೀರಿಯಾ ಕೊಲ್ಲುವ ಲೈಸೋಜೈಮ್ ಮತ್ತು ಪ್ರತಿಕಾಯಗಳು ಇರುವುದು ಆ ಲೋಳೆಯಲ್ಲೇ. ಅದನ್ನು ಒರೆಸಿದರೆ ಮೀನಿನ ಮೊದಲ ಕಾವಲನ್ನೇ ತೆಗೆದಂತೆ.

ಇನ್ನು ಉಪ್ಪಿನ ಲೆಕ್ಕ. ಮೀನಿನ ರಕ್ತದಲ್ಲಿರುವ ಲವಣ, ಕಡಲ ಮೀನಾಗಲಿ ಕೆರೆ ಮೀನಾಗಲಿ, ಲೀಟರಿಗೆ ಸರಿಸುಮಾರು 10 ಗ್ರಾಂ. ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ. ತುಂಗಭದ್ರೆಯ ಕಾಲುವೆ ನೀರಿನಲ್ಲಿ ಒಂದು ಗ್ರಾಮೂ ಇರುವುದಿಲ್ಲ. ಉಪ್ಪಿನಕಾಯಿಗೆ ಹೆಚ್ಚಿದ ಮಾವಿನ ಹೋಳಿಗೆ ಉಪ್ಪು ಬೆರೆಸಿಟ್ಟರೆ ಬೆಳಗಾಗುವುದರೊಳಗೆ ಹೋಳು ಮುದುಡಿ ಜಾಡಿಯಲ್ಲಿ ನೀರು ನಿಂತಿರುತ್ತದಲ್ಲ, ಕಡಲ ಮೀನಿನ ಗಾಯದಲ್ಲಿ ನಡೆಯುವುದು ಅದೇ. ಹೊರಗಿನ ಉಪ್ಪು ಮೈಯೊಳಗಿನ ನೀರನ್ನು ಎಳೆಯುತ್ತದೆ. ಆರೋಗ್ಯದ ಕಡಲ ಮೀನು ಸದಾ ಸಮುದ್ರದ ನೀರು ಕುಡಿದು, ಹೆಚ್ಚಿನ ಉಪ್ಪನ್ನು ಕಿವಿರಿನಿಂದ ಹೊರಹಾಕಿ ಈ ನಷ್ಟ ತುಂಬಿಕೊಳ್ಳುತ್ತದೆ. ಮೈಯ ಒಂದು ಭಾಗದ ಚರ್ಮ ಹೋದಾಗ ಕುಡಿದದ್ದು ಸಾಲುವುದಿಲ್ಲ. ಸುತ್ತ ನೀರಿದ್ದೂ ಮೀನು ನೀರಿಲ್ಲದೆ ಸಾಯುತ್ತದೆ. ಕೆರೆ ಮೀನಿನದು ತಿರುಗುಮುರುಗು. ಅದರ ಗಾಯದಿಂದ ಲವಣ ಸೋರಿಹೋಗಿ ನೀರು ಒಳನುಗ್ಗುತ್ತದೆ, ಮೈ ಊದುತ್ತದೆ, ಮೂತ್ರಪಿಂಡ ಸೋಲುತ್ತದೆ.

ಹಾಗಾದರೆ ಚಿಕಿತ್ಸೆಯೂ ತಿರುಗುಮುರುಗು ಆಗಬೇಕು. ಗಾಯಗೊಂಡ ಕೆರೆ ಮೀನಿನ ನೀರಿಗೆ ಸ್ವಲ್ಪ ಉಪ್ಪು ಸೇರಿಸಬೇಕು, ಕಡಲ ಮೀನಿನ ನೀರಿನಲ್ಲಿ ಉಪ್ಪು ಸ್ವಲ್ಪ ಇಳಿಸಬೇಕು. ‘ಮೀನಿಗೆ ಹುಷಾರಿಲ್ಲವೇ, ಉಪ್ಪು ಹಾಕಿ’ ಎಂಬ ಮಾತು ನಮ್ಮಲ್ಲಿ ಬಾಯಿಂದ ಬಾಯಿಗೆ ಬಂದಿದೆ. ಅದು ಹುಟ್ಟಿದ್ದು ಸಿಹಿನೀರಿನ ಮೀನು ಸಾಕಿದವರ ಅನುಭವದಲ್ಲಿ. ಅದನ್ನೇ ಕಡಲ ಮೀನಿನ ತೊಟ್ಟಿಗೂ ಅನ್ವಯಿಸಿದರೆ ಗಾಯದ ಮೀನಿಗೆ ಇನ್ನಷ್ಟು ಗಾಯ ಮಾಡಿದಂತಾಗುತ್ತದೆ.

ರಾಯಚೂರಿನಲ್ಲಿ ಕಡಲ ಮೀನು ಸಾಕುವುದು ಸುಲಭದ ಹವ್ಯಾಸವಲ್ಲ. ಪಡುವಣದ ಕಡಲಾಗಲಿ ಮೂಡಣದ ಕಡಲಾಗಲಿ ಇಲ್ಲಿಂದ 300 ಕಿ.ಮೀ.ಗಿಂತ ದೂರ. ಮೀನು ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಪ್ಲಾಸ್ಟಿಕ್ ಚೀಲದಲ್ಲಿ ಬರಬೇಕು. ಆ ಪ್ರಯಾಣದಲ್ಲೇ ಅರ್ಧ ಗಾಯಗಳು ಆಗಿರುತ್ತವೆ: ಬಲೆಯ ಗೀರು, ಚೀಲದ ಮೂಲೆಗೆ ಉಜ್ಜಿದ ಮೂತಿ, ತನ್ನದೇ ಅಮೋನಿಯದಲ್ಲಿ ಸುಟ್ಟ ಕಿವಿರು. ಬಂದ ಮೇಲೆ ಸಮುದ್ರವನ್ನೂ ನಾವೇ ತಯಾರಿಸಬೇಕು. 200 ಲೀಟರಿನ ತೊಟ್ಟಿಗೆ ಸುಮಾರು 7 ಕಿಲೋ ಸಮುದ್ರ ಲವಣದ ಮಿಶ್ರಣ ಬೇಕು. ಅಡುಗೆ ಉಪ್ಪು ಸಾಲದು, ಅದರಲ್ಲಿ ಇರುವುದು ಬಹುಮಟ್ಟಿಗೆ ಸೋಡಿಯಂ ಮತ್ತು ಕ್ಲೋರೈಡ್ ಮಾತ್ರ. ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಅದರಲ್ಲಿಲ್ಲ. ಮಿಶ್ರಣ ಕರಗಿಸುವುದಕ್ಕೂ ಕೊಳವೆಬಾವಿಯ ನೀರು ಆಗದು. ಈ ಜಿಲ್ಲೆಯ ಅಂತರ್ಜಲದಲ್ಲಿ ಹಲವು ಕಡೆ ಫ್ಲೋರೈಡ್ ಮತ್ತು ಲವಣ ಎರಡೂ ಹೆಚ್ಚು. ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ನೀರೇ ಇಲ್ಲಿ ವಾಸಿ. ನಲ್ಲಿ ನೀರಾದರೆ ಅದರ ಕ್ಲೋರಿನ್ ತೆಗೆಯಲೇಬೇಕು. ಕಿವಿರನ್ನೂ ಚರ್ಮವನ್ನೂ ಕ್ಲೋರಿನ್ ಸುಡುತ್ತದೆ, ಸುಟ್ಟ ಗುರುತು ರೋಗದಂತೆಯೇ ಕಾಣುತ್ತದೆ.

ಬಿಸಿಲಂತೂ ಇದ್ದೇ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ದಾಟುವ ಊರಿನಲ್ಲಿ ತೊಟ್ಟಿಯ ನೀರನ್ನು 25-27 ಡಿಗ್ರಿಯಲ್ಲಿ ಇಡಬೇಕು. 30 ಡಿಗ್ರಿಗೆ ಏರಿದರೆ ಒಂದು ಲೀಟರ್ ಸಿಹಿನೀರು ಹಿಡಿಯಬಲ್ಲ ಆಮ್ಲಜನಕ ಸುಮಾರು 7.5 ಮಿಲಿಗ್ರಾಂ, ಸಮುದ್ರದ ನೀರು ಹಿಡಿಯುವುದು ಇನ್ನೂ ಕಡಿಮೆ, ಸುಮಾರು 6.2. ಮಧ್ಯಾಹ್ನ ಕರೆಂಟು ಹೋಗಿ ಏರೇಟರ್ ನಿಂತರೆ ಗಾಯದ ಮೀನೇ ಮೊದಲು ಸೋಲುತ್ತದೆ. ಬ್ಯಾಟರಿಯಲ್ಲಿ ಓಡುವ ಏರೇಟರ್ ಇಲ್ಲದೆ ಈ ಊರಲ್ಲಿ ಕಡಲ ಮೀನು ತರಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ತಂದು ಕೊಲ್ಲುವುದಕ್ಕಿಂತ ತರದೇ ಇರುವುದು ಒಳ್ಳೆಯದು.

ಗಾಯ ಯಾವ ಬಗೆಯದೆಂದು ಗುರುತಿಸುವುದು ಮುಂದಿನ ಕೆಲಸ. ಹರಳುಪ್ಪು ಚಿಮುಕಿಸಿದಂತೆ ಬಿಡಿಬಿಡಿ ಬಿಳಿ ಚುಕ್ಕೆ ಇದ್ದು ಮೀನು ಕಲ್ಲಿಗೆ ಮೈ ಉಜ್ಜುತ್ತಿದ್ದರೆ ಅದು ಬಹುಮಟ್ಟಿಗೆ ಕ್ರಿಪ್ಟೋಕಾರಿಯಾನ್ ಇರಿಟಾನ್ಸ್ ಎಂಬ ಏಕಕೋಶ ಪರಾವಲಂಬಿಯ ಕೆಲಸ. ಚುಕ್ಕೆ ಇನ್ನೂ ನುಣ್ಣಗಿದ್ದು ಚಿನ್ನದ ಧೂಳು ಕೂತಂತೆ ಕಂಡರೆ, ಮೀನು ಏದುಸಿರು ಬಿಡುತ್ತಿದ್ದರೆ, ಅದು ಅಮೈಲೂಡಿನಿಯಂ ಎಂಬ ಇನ್ನೊಂದು ಪರಾವಲಂಬಿ ಇರಬಹುದು. ಇದು ಕೆಲವೇ ದಿನಗಳಲ್ಲಿ ತೊಟ್ಟಿ ಖಾಲಿ ಮಾಡಿಸುತ್ತದೆ, ಕಾಯುವ ಹಾಗಿಲ್ಲ. ರೆಕ್ಕೆಯ ಅಂಚಿನಲ್ಲಿ ಹೂಕೋಸಿನ ತುಣುಕಿನಂಥ ಬಿಳಿ ಗಂಟು ಬಂದರೆ ಲಿಂಫೋಸಿಸ್ಟಿಸ್ ಎಂಬ ವೈರಸ್. ನೋಡಲು ಕೆಟ್ಟದಾಗಿದ್ದರೂ ಅದಕ್ಕೆ ಔಷಧ ಬೇಕಿಲ್ಲ. ನೀರು, ಆಹಾರ ಚೆನ್ನಾಗಿದ್ದರೆ ತಾನೇ ಮಾಯವಾಗುವುದೇ ಹೆಚ್ಚು. ಕೆಂಪಗೆ ಕೊರೆದ ಹುಣ್ಣು, ಹುರುಪೆ ಉದುರಿದ ಜಾಗದಲ್ಲಿ ರಕ್ತದ ಕಲೆ ಕಂಡರೆ ಬ್ಯಾಕ್ಟೀರಿಯಾ ಒಳಹೊಕ್ಕಿದೆ. ಕಡಲ ಮೀನಿನಲ್ಲಿ ಸಾಮಾನ್ಯವಾಗಿ ವಿಬ್ರಿಯೊ.

ಬಿಳಿ ಚುಕ್ಕೆಯ ಜೀವನಚಕ್ರ ತಿಳಿಯದೆ ಚಿಕಿತ್ಸೆಗೆ ಇಳಿದವರೆಲ್ಲ ಒಂದೇ ಕಡೆ ಎಡವುತ್ತಾರೆ. ಈ ಜೀವಿ ಮೀನಿನ ಚರ್ಮದೊಳಗೆ 3ರಿಂದ 7 ದಿನ ಇದ್ದು, ಉಂಡು ಬಲಿತು ಉದುರುತ್ತದೆ. ಚುಕ್ಕೆ ಮಾಯವಾಯಿತು, ಮೀನು ಗುಣವಾಯಿತು ಎಂದು ಮನೆಯವರು ಸಂತೋಷಪಡುವುದು ಆಗ. ಉದುರಿದ ಜೀವಿ ತಳದ ಮರಳಿನಲ್ಲಿ ಗಟ್ಟಿ ಕೋಶ ಕಟ್ಟಿಕೊಂಡು ಒಡೆದು ಒಡೆದು ನೂರಾರಾಗುತ್ತದೆ. ಕೆಲವು ಕೋಶ ಮೂರನೆಯ ದಿನವೇ ಬಿರಿಯುತ್ತವೆ, ಕೆಲವು ನಾಲ್ಕು ವಾರ ಕಾಯುತ್ತವೆ, ತಂಪು ನೀರಿನಲ್ಲಿ ಇನ್ನೂ ಹೆಚ್ಚು. ಆಮೇಲೆ ಬರುವ ಎರಡನೆಯ ಅಲೆಯಲ್ಲಿ ಮೀನಿನ ಮೈಯೆಲ್ಲ ಚುಕ್ಕೆ. ಚರ್ಮದೊಳಗಿದ್ದಾಗಲೂ ಕೋಶದೊಳಗಿದ್ದಾಗಲೂ ಔಷಧ ಅದಕ್ಕೆ ತಾಗುವುದಿಲ್ಲ. ಮೀನನ್ನು ಹುಡುಕಿಕೊಂಡು ನೀರಿನಲ್ಲಿ ಈಜುವ ಒಂದೆರಡು ದಿನವಷ್ಟೇ ಅದು ನಮ್ಮ ಕೈಗೆ ಸಿಗುತ್ತದೆ. ಆದ್ದರಿಂದ ಚಿಕಿತ್ಸೆ ವಾರಗಟ್ಟಲೆ ನಡೆಯಬೇಕು.

ಅದಕ್ಕೆ ಬೇರೆಯದೇ ಒಂದು ತೊಟ್ಟಿ ಬೇಕು. ಬರೀ ಗಾಜು, ಅಡಗಿಕೊಳ್ಳಲು ನಾಲ್ಕು ಪಿವಿಸಿ ಪೈಪಿನ ತುಂಡು, ಒಂದು ಫಿಲ್ಟರ್. ಈ ಪರಾವಲಂಬಿಗೆ ಔಷಧ ತಾಮ್ರ, ಆದರೆ ಹವಳ, ಸೀಗಡಿ ಇರುವ ತೊಟ್ಟಿಗೆ ಅದನ್ನು ಹಾಕುವಂತಿಲ್ಲ, ಅವು ಸಾಯುತ್ತವೆ. ಹವಳದ ಕಲ್ಲು, ಮರಳು ಇದ್ದರೆ ತಾಮ್ರವನ್ನು ಅವೇ ಹೀರಿಕೊಂಡು ಪ್ರಮಾಣ ತಪ್ಪಿಸುತ್ತವೆ. ಆಸ್ಪತ್ರೆ ತೊಟ್ಟಿಯಲ್ಲಿ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ಮುಕ್ತ ತಾಮ್ರವನ್ನು ಕನಿಷ್ಠ ಮೂರು ವಾರ ಉಳಿಸಿಕೊಳ್ಳಬೇಕು. ದಿನವೂ ಪರೀಕ್ಷೆಯ ಕಿಟ್‌ನಿಂದ ಅಳೆಯಬೇಕು. ಇದಕ್ಕಿಂತ ಕಡಿಮೆಯಾದರೆ ಪರಾವಲಂಬಿ ಉಳಿಯುತ್ತದೆ, ಹೆಚ್ಚಾದರೆ ಮೀನು ಉಳಿಯುವುದಿಲ್ಲ. ಇನ್ನೊಂದು ದಾರಿ ಉಪ್ಪು ಇಳಿಸುವುದು: ಲೀಟರಿಗೆ 35 ಗ್ರಾಂ ಇದ್ದದ್ದನ್ನು ಎರಡು ಮೂರು ದಿನದಲ್ಲಿ ನಿಧಾನವಾಗಿ 15ರ ಆಸುಪಾಸಿಗೆ ತಂದು ಮೂರು ನಾಲ್ಕು ವಾರ ಹಾಗೇ ಇಡುವುದು. ಹೆಚ್ಚಿನ ತಳಿಯ ಕ್ರಿಪ್ಟೋಕಾರಿಯಾನ್ ಇದನ್ನು ತಾಳದು. ಕೆಲವು ತಳಿ ತಾಳುತ್ತವೆ, ಅಮೈಲೂಡಿನಿಯಂಗಂತೂ ಇದು ನಾಟುವುದಿಲ್ಲ. ಆದರೂ ನನಗೆ ಈ ಕ್ರಮ ಮೆಚ್ಚು. ಪರಾವಲಂಬಿ ಸಾಯುವ ಹೊತ್ತಿಗೇ ಹೊರಗಿನ ಉಪ್ಪು ರಕ್ತದ ಉಪ್ಪಿಗೆ ಹತ್ತಿರವಾಗಿ ಗಾಯಗೊಂಡ ಮೈಯ ಮೇಲಿನ ಹೊರೆಯೂ ಇಳಿಯುತ್ತದೆ. ಬೆಚ್ಚಗಿನ, ಚೊಕ್ಕ ನೀರಿನಲ್ಲಿ ಮೀನಿನ ಸಣ್ಣ ಗಾಯದ ಮೇಲೆ ಹೊಸ ಚರ್ಮ ಒಂದು ದಿನದೊಳಗೆ ಹರಡಬಲ್ಲದು. ನಮ್ಮ ಗಾಯಕ್ಕೆ ಆ ವೇಗವಿಲ್ಲ.

ಔಷಧವನ್ನೇ ಬಯಸದವರಿಗೆ ಇನ್ನೊಂದು ಉಪಾಯವಿದೆ. ತೊಳೆದು ಒಣಗಿಸಿದ ಬೇರೆ ತೊಟ್ಟಿಗೆ, ಹೊಸ ನೀರಿಗೆ ಮೂರು ದಿನಕ್ಕೊಮ್ಮೆ ಮೀನನ್ನು ಬದಲಿಸುವುದು, ಹೀಗೆ ನಾಲ್ಕು ಸಲ. ಉದುರಿದ ಪರಾವಲಂಬಿ ಹಿಂದಿನ ತೊಟ್ಟಿಯಲ್ಲೇ ಉಳಿದು ಒಣಗುತ್ತದೆ. ಮೈಗೆ ಅಂಟಿದ ಚಪ್ಪಟೆ ಹುಳುವಿಗಾದರೆ ಕ್ಲೋರಿನ್ ಇಲ್ಲದ ಸಿಹಿನೀರಿನಲ್ಲಿ ಐದು ನಿಮಿಷ ಅದ್ದುವುದು ಸಾಕು. ನೀರಿನ ಶಾಖ, ಪಿಎಚ್ ಎರಡೂ ತೊಟ್ಟಿಯದಕ್ಕೆ ಸಮ ಇರಬೇಕು. ಹುಳು ಬೆಳ್ಳಗಾಗಿ ಉದುರುವುದು ಕಣ್ಣಿಗೇ ಕಾಣುತ್ತದೆ. ಅದರ ಮೊಟ್ಟೆ ಮಾತ್ರ ಸಾಯುವುದಿಲ್ಲ, ಹಾಗಾಗಿ ಮತ್ತೆ ಅದ್ದಬೇಕಾಗುತ್ತದೆ.

ಬ್ಯಾಕ್ಟೀರಿಯಾದ ಹುಣ್ಣಿಗೆ ಪ್ರತಿಜೀವಕ ಬೇಕಾಗಬಹುದು. ಅದನ್ನು ನೀರಿಗೆ ಸುರಿಯುವುದಕ್ಕಿಂತ ಆಹಾರದಲ್ಲಿ ಬೆರೆಸುವುದು ಮೇಲು. ನೀರಿಗೆ ಸುರಿದಾಗ ಫಿಲ್ಟರ್‌ನಲ್ಲಿ ಅಮೋನಿಯ ತಿನ್ನುವ ಒಳ್ಳೆಯ ಬ್ಯಾಕ್ಟೀರಿಯಾವೂ ಸಾಯುತ್ತದೆ, ಮರುದಿನ ಅಮೋನಿಯ ಏರಿ ಗಾಯ ಇನ್ನಷ್ಟು ಕೆಡುತ್ತದೆ.

ಮಾನ್ವಿ ಕಡೆಯ ಓದುಗರಿಗೆ ಇಲ್ಲೊಂದು ಪ್ರಶ್ನೆ ಏಳಬಹುದು: ನಮ್ಮ ಹೊಲದ ನೀರೇ ಉಪ್ಪು, ಅದರಲ್ಲಿ ಕಡಲ ಮೀನು ಏಕೆ ಬಿಡಬಾರದು? ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದು ಹರಿದು ಈ ಭಾಗದಲ್ಲಿ ಸವಳು ಜವಳು ಹಿಡಿದ ಭೂಮಿ ಬಹಳ. ಬೆಳೆ ಬಾರದ ಗದ್ದೆಯನ್ನು ಕೊಳ ಮಾಡಿ ಮೀನು ಬೆಳೆಸಿದವರೂ ಇದ್ದಾರೆ, ಅದು ಜಾಣ ಕೆಲಸವೇ. ಆದರೆ ಸವಳು ನೀರು ಸಮುದ್ರದ ನೀರಲ್ಲ. ಸಮುದ್ರದ ಪ್ರತಿ ಲೀಟರಿನಲ್ಲಿ 0.4 ಗ್ರಾಂನಷ್ಟು ಪೊಟ್ಯಾಸಿಯಂ ಇರುತ್ತದೆ. ಒಳನಾಡಿನ ಉಪ್ಪುನೀರಿನಲ್ಲಿ ಮಣ್ಣಿನ ಜೇಡಿಯೇ ಅದನ್ನು ಹಿಡಿದಿಟ್ಟುಕೊಂಡು ನೀರಿಗೆ ಉಳಿಸುವುದಿಲ್ಲ. ಪೊಟ್ಯಾಸಿಯಂ ಇಲ್ಲದೆ ಕಡಲ ಜೀವಿಗೆ ಉಪ್ಪನ್ನು ಹೊರಹಾಕುವ ಶಕ್ತಿ ಕುಂದುತ್ತದೆ. ಹರಿಯಾಣ, ರಾಜಸ್ಥಾನದ ಒಳನಾಡಿನಲ್ಲಿ ಸೀಗಡಿ ಬೆಳೆಯುವವರು ಕೊಳಕ್ಕೆ ಪೊಟ್ಯಾಷ್ ಗೊಬ್ಬರ ಹಾಕುವುದು ಈ ಕೊರತೆ ತುಂಬಲಿಕ್ಕೇ.

ಈ ಭಾಗದ ನಿಜವಾದ ಮೀನು ಬದುಕು ಇರುವುದು ಕೊಳಗಳಲ್ಲಿ. ಮಾನ್ವಿಯ ಕ್ಯಾಂಪುಗಳ ಸುತ್ತ, ನಾರಾಯಣಪುರ ಬಲದಂಡೆ ಕಾಲುವೆ ತಲುಪಿದ ದೇವದುರ್ಗದ ಹಳ್ಳಿಗಳಲ್ಲಿ, ಕೃಷ್ಣೆಯ ದಂಡೆಯ ಬೆಸ್ತರ ಕೇರಿಗಳಲ್ಲಿ ಮೈಹುಣ್ಣು ಎಂದರೆ ಅನ್ನದ ಪ್ರಶ್ನೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಮೀನಿನ ಪಕ್ಕೆಯ ಮೇಲೆ ಕೆಂಪು ಚುಕ್ಕೆ ಎದ್ದು, ಅದು ಕೊರೆಯುತ್ತ ಮೂಳೆ ಕಾಣುವ ಹುಣ್ಣಾದರೆ ಅದು ಅಫನೋಮೈಸಿಸ್ ಇನ್ವೇಡನ್ಸ್ ಇರಬಹುದು. ಬೂಷ್ಟಿನಂತೆ ಎಳೆ ಬಿಟ್ಟು ಮಾಂಸದೊಳಗೆ ಇಳಿಯುವ ಜೀವಿ ಇದು. 1971ರಲ್ಲಿ ಜಪಾನಿನಲ್ಲಿ, ಮರುವರ್ಷ ಆಸ್ಟ್ರೇಲಿಯಾದಲ್ಲಿ ಕಂಡು, ಆಗ್ನೇಯ ಏಷ್ಯಾ ದಾಟಿ 1988ರಲ್ಲಿ ಈಶಾನ್ಯ ಭಾರತಕ್ಕೆ ಬಂತು. 1991ರಲ್ಲಿ ಕೇರಳದ ಕುಟ್ಟನಾಡಿಗೆ ತಲುಪಿದಾಗ ಜನ ಹೆದರಿ ಮೀನು ತಿನ್ನುವುದನ್ನೇ ಬಿಟ್ಟರು, ಮೀನುಗಾರರ ಮನೆಯ ಒಲೆ ಆರಿತು. ಈ ರೋಗ ಮನುಷ್ಯರಿಗೆ ಅಂಟುವುದಿಲ್ಲ. ಅಂದು ಆ ಮಾತನ್ನು ಗಟ್ಟಿಯಾಗಿ ಹೇಳುವವರು ಸಾಕಷ್ಟು ಇದ್ದಿದ್ದರೆ ಎಷ್ಟೋ ಸಂಸಾರಗಳ ಕಷ್ಟ ತಪ್ಪುತ್ತಿತ್ತು.

ಕೊರಮೀನಿಗೆ ಈ ರೋಗ ಬೇಗ ತಗಲುತ್ತದೆ, ಮೃಗಾಲ್‌ಗೂ ತಗಲುತ್ತದೆ. ಸಾಮಾನ್ಯ ಗೆಂಡೆ ಮತ್ತು ಜಿಲೇಬಿ ಮೀನು ಬಹುಮಟ್ಟಿಗೆ ತಡೆದುಕೊಳ್ಳುತ್ತವೆ. ನೀರಿನ ಶಾಖ 18ರಿಂದ 22 ಡಿಗ್ರಿಗೆ ಇಳಿದಾಗ ಇದರ ಹಾವಳಿ ಹೆಚ್ಚು, ಏಕೆಂದರೆ ಆ ಚಳಿಯಲ್ಲಿ ಮೀನಿನ ರೋಗ ತಡೆಯುವ ಶಕ್ತಿ ಕುಗ್ಗುತ್ತದೆ, ರೋಗಾಣುವಿಗೆ ಮಾತ್ರ ಹಿತವಾಗಿರುತ್ತದೆ. ಗಾಯವಿಲ್ಲದ ಮೈಗೆ ಅದು ನಾಟುವುದು ಕಷ್ಟ. ಹಾಗಾಗಿ ಚಳಿಗಾಲದ ಮುಂಚೆ ಎಳೆಬಲೆ ಹಾಕಿ ಮೀನಿನ ಮೈ ಕೆರೆಯುವುದು, ಗದ್ದೆ, ಹತ್ತಿ ಹೊಲಕ್ಕೆ ಸಿಂಪಡಿಸಿದ ವಿಷ ಬಸಿದು ಕೊಳಕ್ಕೆ ಬರಲು ಬಿಡುವುದು, ಇವೇ ರೋಗಕ್ಕೆ ಬಾಗಿಲು ತೆರೆಯುತ್ತವೆ. ಭುವನೇಶ್ವರದ ಬಳಿಯ ಕೌಸಲ್ಯಾಗಂಗದಲ್ಲಿರುವ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ಇದಕ್ಕಾಗಿಯೇ ಸಿಫಾಕ್ಸ್ ಎಂಬ ದ್ರಾವಣ ರೂಪಿಸಿತು. ಒಂದು ಮೀಟರ್ ಆಳದ ಒಂದು ಹೆಕ್ಟೇರ್ ನೀರಿಗೆ ಒಂದು ಲೀಟರ್, ಎಂದರೆ ಎಕರೆ ಕೊಳಕ್ಕೆ ಸುಮಾರು 400 ಮಿಲಿ, ನೀರಿನಲ್ಲಿ ತೆಳು ಮಾಡಿ ಎಲ್ಲ ಕಡೆ ಸಿಂಪಡಿಸಬೇಕು. ಸುಣ್ಣ ಹಾಕುವ ರೂಢಿಯೂ ಇದೆ. ಆದರೆ ನಮ್ಮ ಎರೆಮಣ್ಣಿನ ನೀರು ಮೊದಲೇ ಕ್ಷಾರ. ಪಿಎಚ್ 8.5 ದಾಟಿದ ನೀರಿಗೆ ಸುಣ್ಣ ಸುರಿದರೆ ಅಮೋನಿಯ ವಿಷವಾಗಿ ತಿರುಗುತ್ತದೆ. ಕರಾವಳಿಯ ಆಮ್ಲ ಮಣ್ಣಿಗೆ ಹೇಳಿದ ಲೆಕ್ಕವನ್ನು ದೇವದುರ್ಗದಲ್ಲಿ ಅಳೆಯದೆ ಅನುಸರಿಸಬಾರದು.

ಉಪ್ಪಿನ ವಿಚಾರಕ್ಕೂ ಇಲ್ಲಿ ಎಚ್ಚರ ಬೇಕು. ಲೀಟರಿಗೆ 2 ಗ್ರಾಂಗಿಂತ ಹೆಚ್ಚು ಉಪ್ಪಿರುವಲ್ಲಿ ಅಫನೋಮೈಸಿಸ್ ಬೀಜಕಣ ಬಿಡಲಾರದು, ನಿಜ. ಆದರೆ ಒಂದು ಎಕರೆ ಕೊಳದಲ್ಲಿ ಒಂದು ಮೀಟರ್ ನೀರೆಂದರೆ 40 ಲಕ್ಷ ಲೀಟರ್. ಲೀಟರಿಗೆ ಒಂದೇ ಗ್ರಾಂ ಎಂದರೂ 4 ಟನ್ ಉಪ್ಪು. ಸವಳಿನಿಂದ ನಲುಗಿದ ನೆಲಕ್ಕೆ ಅಷ್ಟು ಉಪ್ಪು ಸುರಿದು ಅದನ್ನು ಪಕ್ಕದ ಹೊಲಕ್ಕೆ ಬಸಿಯಲು ಬಿಡುವುದು ಅನ್ಯಾಯ. ಉಪ್ಪಿನ ಚಿಕಿತ್ಸೆ ಏನಿದ್ದರೂ ತೊಟ್ಟಿಯಲ್ಲಿ: ಹೊಸ ಮರಿ ಬಿಡುವ ಮುಂಚೆ, ಬಲೆ ಹಾಕಿ ತೂಕ ನೋಡಿದ ಮೇಲೆ, ಲೀಟರಿಗೆ 10 ಗ್ರಾಂ ಹರಳುಪ್ಪು ಕರಗಿಸಿದ ನೀರಿನಲ್ಲಿ ಅರ್ಧ ಗಂಟೆ, ಏರೇಟರ್ ಹಾಕಿ, ಪಕ್ಕದಲ್ಲೇ ನಿಂತು ನೋಡುತ್ತ. ಮೀನು ವಾಲಿದರೆ ಆ ಕ್ಷಣ ತೆಗೆಯಬೇಕು.

ರೋಹು ಸಾಕುವವರಿಗೆ ಇನ್ನೊಂದು ಕಾಟ ಹೇನು. ಆರ್ಗುಲಸ್ ಎಂಬ ಈ ಚಪ್ಪಟೆ ಜೀವಿ ಬರಿಗಣ್ಣಿಗೇ ಕಾಣುತ್ತದೆ. ಚುಚ್ಚಿ ಹೀರಿದ ಜಾಗವೆಲ್ಲ ಹುಣ್ಣಾಗಿ ಬ್ಯಾಕ್ಟೀರಿಯಾ ಸೇರುತ್ತದೆ. ಹೊಲಕ್ಕೆ ಹೊಡೆಯುವ ಕೀಟನಾಶಕವನ್ನೇ ಅಂದಾಜಿನಲ್ಲಿ ಕೊಳಕ್ಕೆ ಸುರಿಯುವ ಅಭ್ಯಾಸ ನಿಲ್ಲಲೇಬೇಕು. ಹೇನಿನ ಜೊತೆ ಮೀನಿನ ಆಹಾರವಾದ ಸೂಕ್ಷ್ಮಜೀವಿಗಳೂ ಸತ್ತು, ಉಳಿದ ವಿಷ ನಮ್ಮ ತಟ್ಟೆಗೆ ಬರುತ್ತದೆ. ಈ ಹೇನು ಮೊಟ್ಟೆ ಇಡುವುದು ನೀರಿನಲ್ಲಿರುವ ಗಟ್ಟಿ ವಸ್ತುವಿನ ಮೇಲೆ. ಅದರ ಈ ಗುಣವನ್ನೇ ಬಳಸಿಕೊಂಡು ಕೊಳದಲ್ಲಿ ಅಲ್ಲಲ್ಲಿ ಬಿದಿರಿನ ಗಳ, ಹಲಗೆ ನೆಟ್ಟು ವಾರಕ್ಕೊಮ್ಮೆ ಕಿತ್ತು ಬಿಸಿಲಿಗೆ ಒಣಗಿಸಿದರೆ ಮೊಟ್ಟೆಯ ರಾಶಿ ಅಲ್ಲೇ ಸಾಯುತ್ತದೆ. ರಾಯಚೂರಿನ ಬಿಸಿಲು ಇಲ್ಲಿ ನಮ್ಮ ಪರ.

ತಿನ್ನುವ ಮೀನಿಗೆ ಮಲಕೈಟ್ ಗ್ರೀನ್, ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಬಳಸುವಂತಿಲ್ಲ. ಅಕ್ವೇರಿಯಂ ಅಂಗಡಿಯ ಹಸಿರು ಬಾಟಲಿಯನ್ನು ಕೊಳಕ್ಕೆ ಒಯ್ಯಬೇಡಿ. ಸಾಕಿದ್ದು ತೊಟ್ಟಿಯ ಮೀನಾದರೂ, ಕೈಯಲ್ಲಿ ಗಾಯವಿದ್ದಾಗ ಕೈಗವಸು ಹಾಕದೆ ನೀರಿಗೆ ಕೈ ಇಳಿಸಬೇಡಿ. ಮೈಕೋಬ್ಯಾಕ್ಟೀರಿಯಂ ಮರೀನಮ್ ಎಂಬ ಬ್ಯಾಕ್ಟೀರಿಯಾ ಮೀನಿನ ಹುಣ್ಣಿನಿಂದ ಮನುಷ್ಯರ ಚರ್ಮಕ್ಕೆ ದಾಟಿ, ತಿಂಗಳುಗಟ್ಟಲೆ ಆರದ ಗಂಟು ಎಬ್ಬಿಸುತ್ತದೆ.

ಹುಣ್ಣು ಏನೆಂದು ಗೊತ್ತಾಗದಿದ್ದಾಗ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ಹೋಗಿ. ಬೀದರಿನ ಪಶುವೈದ್ಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಮೀನು ರೋಗ ಬಲ್ಲವರಿದ್ದಾರೆ. ಆದರೆ ಸತ್ತು ತೇಲಿದ ಮೀನನ್ನು ಒಯ್ದರೆ ಅವರಿಗೂ ಏನೂ ತಿಳಿಯದು. ಬಿಸಿಲಲ್ಲಿ ಒಂದೆರಡು ಗಂಟೆ ಕಳೆದರೆ ಕೊಳೆತದ್ದು ಯಾವುದು, ರೋಗ ಯಾವುದು ಎಂದು ಬೇರ್ಪಡಿಸಲಾಗದು. ಇನ್ನೂ ಉಸಿರಾಡುತ್ತಿರುವ ಎರಡು ಮೂರು ರೋಗಿ ಮೀನನ್ನು ಆಮ್ಲಜನಕ ತುಂಬಿದ ಚೀಲದಲ್ಲಿ, ಅದೇ ಕೊಳದ ಒಂದು ಲೀಟರ್ ನೀರನ್ನು ಬೇರೆ ಬಾಟಲಿಯಲ್ಲಿ ತೆಗೆದುಕೊಂಡು ಬೆಳಗಿನ ತಂಪಿನಲ್ಲೇ ಹೊರಡಿ. ಕಾಲುವೆಗೆ ನೀರು ಬಿಟ್ಟದ್ದು ಯಾವಾಗ, ನಿಂತದ್ದು ಯಾವಾಗ, ಪಕ್ಕದ ಹೊಲಕ್ಕೆ ಔಷಧ ಹೊಡೆದದ್ದು ಯಾವ ದಿನ, ಎಂದಿನಿಂದ ಮೇವು ಬಿಟ್ಟಿವೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಟ್ಟುಕೊಳ್ಳಿ.